ನರಳುವ ಪಾಠ

“ಏಯ್ ಆಯಾ, ನಿನ್ ಗಂಡನ ಬಾಯಿಗೆ ಬಟ್ಟೆ ತುರುಕು. ಆಫೀಸ್ ತನಕ ಕೇಳಿಸ್ತಿದೆ ಅವನ ಗೋಳು. ನಾಳೆ ದೊಡ್ಡೋರು ಬಂದಾಗ್ಲೂ ಹಿಂಗೇ ಒದರಿದ್ರೆ ನಿನ್ನೂ ಅವನ್ನೂ ಒಟ್ಟಿಗೆ ಗೇಟಾಚೆ ಎಸೀತೀನಿ, ಬೇವರ್ಸಿಗಳಾ.”

ಗುಮಾಸ್ತ ಇಷ್ಟು ಹೇಳಿ ಒದ್ದೆ ನೆಲದ ಮೇಲೆ ಚಪ್ಪಲಿಯ ಗುರುತು ಮೂಡಿಸುತ್ತ ನಡೆದುಹೋದ. ಆಯಾ ಆ ಗುರುತುಗಳನ್ನು ಮತ್ತೆ ಒರೆಸಿದಳು. ಹದಿನಾಲ್ಕು ವರ್ಷದಿಂದ ಆ ಆಸ್ಪತ್ರೆಯ ನೆಲ ಒರೆಸುತ್ತಿದ್ದವಳು. ಗುಮಾಸ್ತನ ಬಾಯಿಂದ ಒಳ್ಳೆಯ ಮಾತು ಬಂದಿದ್ದರೇ ಬೆಚ್ಚಿಬೀಳುತ್ತಿದ್ದಳು.

ಗಂಡ ವೆರಾಂಡದ ಕೊನೆಯಲ್ಲಿ, ಗೋಡೆಯ ಮಗ್ಗುಲಿಗೆ, ಚಾಪೆಯ ಮೇಲೆ ಬಿದ್ದಿದ್ದ. ಮೋರಿಗಿಳಿದು ಊರಿನ ಹೊಲಸೆಲ್ಲ ಎತ್ತಿದ ಮೈ ಅದು. ಈಗ ಅವಳೊಬ್ಬಳೇ ಎತ್ತುವಷ್ಟು ಹಗುರವಾಗಿತ್ತು. ಎದೆಯಲ್ಲಿ ಹುಟ್ಟಿದ ಗಡ್ಡೆ ಬೆನ್ನುಮೂಳೆಗೆ ಇಳಿದಿತ್ತು. ಇನ್ನು ವಾಸಿಯಾಗುವುದಿಲ್ಲವೆಂದು ಡಾಕ್ಟರು ಹೇಳಿ ತಿಂಗಳಾಗಿತ್ತು, ಗಂಡ ಹೆಂಡತಿ ಇಬ್ಬರೂ ಅದನ್ನು ಒಪ್ಪಿಕೊಂಡೂ ಆಗಿತ್ತು. ಅವಳು ಆಯುಷ್ಯ ಕೇಳುತ್ತಿರಲಿಲ್ಲ. ಹೋಗುವುದು ಹೇಗೂ ಹೋಗುತ್ತಾನೆ, ನೋವಿಲ್ಲದೆ, ಮನುಷ್ಯರ ಹಾಗೆ ಮಂಚದ ಮೇಲೆ ಹೋಗಲಿ ಎನ್ನುತ್ತಿದ್ದಳು, ಅಷ್ಟೇ. ಮನೆಯಲ್ಲಿ ಬಿಟ್ಟು ಬಂದರೆ ಬಾಯಿಗೆ ನೀರು ಬಿಡುವವರೇ ಇರಲಿಲ್ಲ. ಇಲ್ಲಾದರೆ ಎರಡು ಗಂಟೆಗೊಮ್ಮೆ ಪೊರಕೆ ಬದಿಗಿಟ್ಟು ಓಡಿಬಂದು ಮಗ್ಗುಲು ಬದಲಿಸಬಹುದಿತ್ತು. ಹಾಗಿದ್ದೂ ಸೊಂಟದ ಹತ್ತಿರ ಹುಣ್ಣು ಬಾಯಿಬಿಟ್ಟಿತ್ತು. ಅದೇ ಸಾಲಿನಲ್ಲಿ ಅವನಂಥವರೇ ಇನ್ನೂ ನಾಲ್ವರು ಮಲಗಿದ್ದರು.

ವೆರಾಂಡಕ್ಕೆ ಎದುರಿಗೇ ಹೊಸ ವಾರ್ಡು. ಒಬ್ಬ ಸಾವ್ಕಾರರು ಸಾಯುವವರಿಗೆಂದೇ ಕಟ್ಟಿಸಿಕೊಟ್ಟದ್ದು. ಎಂಟು ಮಂಚ, ಎಂಟಕ್ಕೂ ಮೈ ಹುಣ್ಣಾಗದ ಹಾಗೆ ಗಾಳಿ ತುಂಬುವ ಹಾಸಿಗೆ, ಬೀರುವಿನ ತುಂಬ ನೋವಿನ ಮಾತ್ರೆ. ಎಲ್ಲ ಬಂದು ಮೂರು ವಾರವಾಗಿತ್ತು. ಆದರೆ ರಿಬ್ಬನ್ ಕತ್ತರಿಸುವ ತನಕ ಒಂದು ಮಾತ್ರೆ ಹೊರಗೆ ಬರಕೂಡದು, ಒಂದು ಮೈ ಒಳಗೆ ಹೋಗಕೂಡದು. ಆಯಾ ದಿನಕ್ಕೆರಡು ಸಲ ಬೀಗ ತೆಗೆದು, ಯಾರೂ ಮಲಗದ ಮಂಚದ ಧೂಳು ಒರೆಸಿ, ಯಾರೂ ತುಳಿಯದ ನೆಲ ತೊಳೆದು, ಕೀಲಿಯನ್ನು ಆಫೀಸಿಗೆ ಕೊಟ್ಟು, ವಾಪಸ್ಸು ಬಂದು ಗಂಡನ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು, ನಡುವೆ ಒಂದು ಬೀಗ ಇತ್ತು.

ಅಂದು ಮಧ್ಯಾಹ್ನ ದೊಡ್ಡ ಡಾಕ್ಟರು ಮರುದಿನದ ಉದ್ಘಾಟನೆಯ ತಯಾರಿ ನೋಡಲು ಬಂದರು. ಎಂಟೂ ಮಂಚ ಖಾಲಿಯಿದ್ದರೆ ಫೋಟೋ ಚೆನ್ನಾಗಿ ಬರುವುದಿಲ್ಲ, ಒಬ್ಬ ರೋಗಿಯಾದರೂ ಇರಲಿ ಎಂದು ಗುಮಾಸ್ತನಿಗೆ ಹೇಳುತ್ತಿದ್ದುದು ಆಯಾಳ ಕಿವಿಗೆ ಬಿತ್ತು. ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದುರು ಬಂದು ನಿಂತಳು.

“ಸಾರ್, ಹೆಂಗಿದ್ರೂ ಒಬ್ರು ಬೇಕಲ್ಲ. ನಮ್ಮನೆಯವ್ರನ್ನೇ ಮಲಗಿಸ್ತೀನಿ. ಮೈ ತೊಳ್ದು, ಒಗೆದ ಬಟ್ಟೆ ಹಾಕಿ ಮಲಗಿಸ್ತೀನಿ.”

ದೊಡ್ಡ ಡಾಕ್ಟರು ಬೈಯುವ ಪೈಕಿಯಲ್ಲ. ಅಯ್ಯೋ ಪಾಪ ಎನ್ನುವ ಮುಖ ಮಾಡಿಕೊಂಡೇ ಹೇಳಿದರು: “ಹುಣ್ಣು ವಾಸನೆ ಬರುತ್ತಮ್ಮ. ಬಂದವ್ರ ಮುಂದೆ ಪ್ರಾಣಗೀಣ ಹೋದ್ರೆ ಅಪಶಕುನ ಆಗುತ್ತೆ.”

“ಸಾಯೋರಿಗೇ ಅಂತ ಕಟ್ಟಿಸಿದ್ದಲ್ವಾ ಸಾರ್?”

ನಾಡಿದ್ದು ನೋಡೋಣ ಎಂದು ಅವರು ಗಡಿಯಾರ ನೋಡಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುವುದುಂಟು; ಇಲ್ಲಿ ದೇವರೇ ಕೊಡಲೊಲ್ಲೆ ಎಂದುಬಿಟ್ಟಿದ್ದ.

ಗಂಡನಿಗೆ ಹೇಳಿದಾಗ ಅವನು ನಗಲು ನೋಡಿದ. “ನಾಡಿದ್ದಿನ ತನಕ ಕಾಯ್ಬೇಕಾ? ಮೋರಿಯೊಳಗಿದ್ದಾಗ ಹಗ್ಗ ಎಳಿಯೋಕೂ ಹಿಂಗೇ ಕಾಯಿಸ್ತಿದ್ರು, ಬೋಳಿಮಕ್ಳು.” ನಗು ಅರ್ಧಕ್ಕೇ ನಿಂತು ಹಲ್ಲು ಕಚ್ಚಿಕೊಂಡ. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಸವರುತ್ತ ಕೂತಳು.

ಮರುದಿನ ಬೆಳಿಗ್ಗೆ ಗುಮಾಸ್ತ ರೋಗಿಯನ್ನು ಕರೆದುಕೊಂಡೇ ಬಂದ. ಅವನ ಸ್ವಂತ ಮಾವ, ಹೆಂಡತಿಯ ಅಪ್ಪ. ಗುಂಡುಕಲ್ಲಿನಂಥ ಮನುಷ್ಯ, ಒಂದು ಸೀನೂ ಸೀನುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಹಾಕಿಸಿ ಬಾಗಿಲ ಬಳಿಯ ಮಂಚದ ಮೇಲೆ ಮಲಗಿಸಿದರೆ, ಅವನು ಹಾಸಿಗೆ ಒತ್ತಿ ನೋಡಿ, ಇಂಥದ್ದೊಂದು ಮನೆಗೂ ತರಿಸಪ್ಪ ಅಳಿಯ ಎಂದ. ನರಳು ಅಂದರೆ ಹೊಟ್ಟೆಬಿರಿಯ ಉಂಡವನ ಹಾಗೆ ತೇಗಿದ.

“ಏನ್ ಮಾವ, ನೆಂಟರ ಮನೆ ಊಟಕ್ಕೆ ಬಂದಂಗಿದೆಯಲ್ಲ,” ಎಂದು ಗುಮಾಸ್ತ ಹಣೆ ಚಚ್ಚಿಕೊಂಡ. ಆಮೇಲೆ ಅವನ ಕಣ್ಣು ದಿಂಬಿಗೆ ಚೀಲ ಹಾಕುತ್ತಿದ್ದ ಆಯಾಳ ಮೇಲೆ ಬಿತ್ತು.

“ಏಯ್, ಬಾ ಇಲ್ಲಿ. ನಿನ್ ಗಂಡ ಹೆಂಗ್ ನರಳ್ತಾನೆ, ನಮ್ ಮಾವಂಗೆ ಒಂದ್ಸಲ ಮಾಡಿ ತೋರ್ಸು.”

ಅವಳು ದಿಂಬು ಹಿಡಿದುಕೊಂಡೇ ನಿಂತಳು.

“ಏನ್ ನೋಡ್ತೀಯೇ? ಹನ್ನೊಂದು ದಿನದಿಂದ ಪುಗಸಟ್ಟೆ ನಮ್ ಕಿವಿ ತಿಂದಿದ್ದಾನೆ, ಒಂದಿನ ಉಪಯೋಗಕ್ಕೆ ಬರ್ಲಿ. ಹೂಂ, ಶುರು ಮಾಡು.”

ಮಾವ ತಲೆ ತಗ್ಗಿಸಿ, ಬೇಡ ಬಿಡಪ್ಪ ಎಂದು ಗೊಣಗಿದ. ಆಯಾಗೆ ಸಿಟ್ಟು ಬರಬೇಕಿತ್ತು, ಮೊದಲು ನಾಚಿಕೆಯೇ ಬಂತು, ಮೈಮೇಲಿನ ಬಟ್ಟೆ ಯಾರೋ ಎಳೆದಷ್ಟು ನಾಚಿಕೆ. ಗಂಡನ ನರಳಾಟವೆಲ್ಲ ಅವಳಿಗೆ ಬಾಯಿಪಾಠ. ಎಡಕ್ಕೆ ತಿರುಗಿಸಿದರೆ ಒಂದು ಬಗೆ, ಹುಣ್ಣು ತೊಳೆದರೆ ಇನ್ನೊಂದು. ಅವಳಿಗೆ ಗೊತ್ತಾಗಬಾರದೆಂದು ಅವನು ನುಂಗಿಕೊಳ್ಳುವಾಗ ಸದ್ದೇ ಇರುತ್ತಿರಲಿಲ್ಲ, ಕಾಲಿನ ಬೆರಳು ಮಾತ್ರ ಮುದುಡುತ್ತಿದ್ದವು. ಅದನ್ನು ಇವನಿಗೆ ಮಾಡಿ ತೋರಿಸಬೇಕಂತೆ. ಈಗ ಸಿಟ್ಟು ಬಂತು, ದಿಂಬನ್ನು ಮಂಚದ ಮೇಲೆ ಒಗೆದಳು.

“ನಂಗ್ ಬರಲ್ಲ,” ಎಂದಳು. “ಬರೋರ್ನ ಕರ್ಕೊಂಡ್ ಬರ್ತೀನಿ.”

ಅಷ್ಟರಲ್ಲಿ ಗೇಟಿನ ಹತ್ತಿರ ಕಾರುಗಳ ಸದ್ದಾಗಿ ಗುಮಾಸ್ತ ಹೂಗುಚ್ಛ ಹಿಡಿದು ಆ ಕಡೆ ಓಡಿದ. ಆಯಾ ನೇರ ವೆರಾಂಡಕ್ಕೆ ಹೋಗಿ, ಬಗ್ಗಿ, ಗಂಡನನ್ನು ಎರಡೂ ತೋಳಲ್ಲಿ ಎತ್ತಿಕೊಂಡಳು. ಅವನು ಕೂಗಿಕೊಂಡ. ಇನ್ನು ಹತ್ತೇ ಹೆಜ್ಜೆ ಎಂದು ಅವನ ಕಿವಿಯಲ್ಲಿ ಹೇಳುತ್ತ ಹಿಂದಿನ ಬಾಗಿಲಿಂದ ವಾರ್ಡಿಗೆ ಬಂದರೆ, ಮಾವ ಆಗಲೇ ಮಂಚದಿಂದಿಳಿದು ಬರಿಗಾಲಲ್ಲಿ ನಿಂತಿದ್ದ. ಇಲ್ಲಿ ಮಲಗಿಸಮ್ಮ ಎಂದು ಅವನೇ ಕಾಲುಗಳನ್ನು ಹಿಡಿದು ಮೇಲಿಟ್ಟ.

ಹಾಸಿಗೆಯೊಳಗೆ ಗಾಳಿ ತುಂಬುತ್ತ ಮೈ ಮೇಲಕ್ಕೆದ್ದಿತು. ಗಂಡ ಒಮ್ಮೆ ನರಳಿ ಸುಮ್ಮನಾದ. “ಮೆತ್ತಗಿದೆ ಕಣೇ,” ಎಂದ. ಅವಳು ಅವನ ತುಟಿಗೆ ನೀರು ಹಚ್ಚಿದಳು. ಉಸಿರು ಉದ್ದವಾಯಿತು, ನಡುವೆ ಬಿಡುವಾಯಿತು, ಬಿಡುವೂ ಉದ್ದವಾಯಿತು. ಇಷ್ಟು ವರ್ಷದಲ್ಲಿ ಅವಳು ಎಷ್ಟು ಜನರದ್ದು ನೋಡಿದ್ದಳೋ, ಯಾರೂ ಹೇಳಿಕೊಡಬೇಕಿರಲಿಲ್ಲ. ಕೈ ಹಿಡಿದುಕೊಂಡು ಮುಂದಿನ ಉಸಿರಿಗಾಗಿ ಕಾದಳು. ಹೊರಗೆ ಚಪ್ಪಾಳೆ ಬಿತ್ತು, ರಿಬ್ಬನ್ ಕತ್ತರಿಸಿದರು. ಅವಳು ಇನ್ನೂ ಕಾಯುತ್ತಿದ್ದಳು. ಉಸಿರು ಬರಲಿಲ್ಲ.

ಎಲ್ಲರೂ ಒಳಗೆ ಬಂದರು. ಮಂಚ ನೋಡಿದ ದೊಡ್ಡ ಡಾಕ್ಟರ ಮುಖ ಬಿಳಿಚಿಕೊಂಡಿತು. ಸಾವ್ಕಾರರು ಹತ್ತಿರ ಬಂದು, ಕ್ಯಾಮೆರಾ ಕಡೆ ತಿರುಗಿ, ರೋಗಿಯ ಪಾದದ ಮೇಲೆ ಕೈಯಿಟ್ಟು, ಹಾಸಿಗೆ ಅನುಕೂಲವಾಗಿದೆಯೇ ಎಂದು ವಿಚಾರಿಸಿದರು. ಮಾತ್ರೆ ಕೊಟ್ಟಿದ್ದೇವೆ, ಸುಖವಾಗಿ ನಿದ್ದೆ ಮಾಡುತ್ತಿದ್ದಾರೆ ಎಂದು ಡಾಕ್ಟರು ಅವಸರದಿಂದ ಹೇಳಿದರು.

“ನಿದ್ದೆ ಅಲ್ಲ ಸಾಮಿ, ಸತ್ತಿದ್ದಾರೆ,” ಎಂದಳು ಆಯಾ. “ಹೊರಗೆ ನೆಲದ ಮೇಲೆ ಹನ್ನೊಂದು ದಿನ ಇದ್ರು. ನಿಮ್ಮ ಹಾಸಿಗೆ ಮೇಲೆ ಕಾಲು ಗಂಟೆ. ಮಾತ್ರೆ ಒಂದೂ ಕೊಟ್ಟಿಲ್ಲ, ಬೀರು ಬೀಗ ನೋಡಿ.”

ಸಾವ್ಕಾರರು ಕೈ ಹಿಂತೆಗೆದು ಕರವಸ್ತ್ರಕ್ಕೆ ಒರೆಸಿಕೊಂಡರು. ಗುಮಾಸ್ತ ಅವಳ ಕಿವಿಯ ಹತ್ತಿರ ಬಂದು, “ಹೆಣ ಎತ್ತೇ, ಮುಂಡೆ,” ಎಂದು ಹಲ್ಲು ಕಡಿದ. ದಿನಾ ಬೈಯುತ್ತಿದ್ದ ಬೈಗುಳವೇ, ಇವತ್ತು ನಿಜವಾಗಿತ್ತು.

ಅವಳು ಗಂಡನ ಕಣ್ಣು ಮುಚ್ಚಿ, ಹೊದಿಕೆ ಸರಿಮಾಡಿ, ಇಲ್ಲೇ ಇರಿ ಬಂದೆ ಎಂದು ಅವನಿಗೆ ಮೆಲ್ಲಗೆ ಹೇಳಿದಳು. ಮೂಲೆಯಲ್ಲಿದ್ದ ಸ್ಟ್ರೆಚರ್ ಎಳೆದುಕೊಂಡು, ಬಂದವರೆಲ್ಲ ಗೋಡೆಗೊತ್ತಿ ದಾರಿ ಬಿಡುವಂತೆ ಮಾಡಿ, ವೆರಾಂಡಕ್ಕೆ ಹೋದಳು. ಸಾಲಿನಲ್ಲಿ ಮುಂದಿನವಳು ಇಟ್ಟಿಗೆ ಹೊತ್ತು ಸವೆದ ಮುದುಕಿ.

“ಅಜ್ಜಿ, ಒಳಗ್ ಹೋಗೋಣ.”

“ಯಾರ್ ಹೇಳಿದ್ರೇ ತಾಯಿ?”

“ಯಾರೂ ಹೇಳ್ಲಿಲ್ಲ.”

ಮುದುಕಿಯನ್ನು ಎತ್ತಲು ಬಗ್ಗಿದಾಗ ಆ ಬದಿಗೆ ಇನ್ನೆರಡು ಕೈ ಬಂದವು, ಮಾವನವು. ಗುಮಾಸ್ತ ಓಡಿಬಂದು ವಾರ್ಡಿನ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ. ಆಯಾ ಸ್ಟ್ರೆಚರ್ ನಿಲ್ಲಿಸಲಿಲ್ಲ.