ಚೆನ್ನಪ್ಪ ಅಂಗಳ ಶುಚಿ ಮಾಡಿದ್ದು

ಮುಳ್ಳೇರಿಯದ ಆಟೋ ಚೆನ್ನಪ್ಪನಷ್ಟು ಚೊಕ್ಕಟದ ಮನುಷ್ಯ ಮೂರು ಲೋಕದಲ್ಲಿಲ್ಲ. ಅವನು ಒರೆಸಿದ ಕನ್ನಡಿ ನೋಡಿ ಸೂರ್ಯನೇ ಎರಡು ಸಲ ದಾರಿ ತಪ್ಪಿದ್ದಾನೆ, ಬೇಕಾದರೆ ಸ್ಟ್ಯಾಂಡಿನಲ್ಲಿ ವಿಚಾರಿಸಿ. ಅಂಥವನ ಬಾವಿಯಲ್ಲೇ ವಿಷ! ಮನೆಯ ಹಿಂದಿನ ಗೇರುತೋಟದ ಗೋದಾಮಿನಲ್ಲಿ ಕೀಟನಾಶಕದ ಡ್ರಮ್ಮುಗಳು ತುಕ್ಕು ಹಿಡಿದು ಒಡೆದು, ಒಳಗಿದ್ದದ್ದು ಅವನ ಅಂಗಳದ ಮಣ್ಣಿಗೆ ಇಳಿದು ಹನ್ನೆರಡು ವರ್ಷ. ಅಷ್ಟು ವರ್ಷ ಹೆಂಡತಿ ಕಿನ್ನಿ ಆಚೆಮನೆಯಿಂದ ಹೊತ್ತ ನೀರನ್ನು ಒಟ್ಟು ಮಾಡಿದ್ದರೆ ಅರಬ್ಬೀ ಸಮುದ್ರಕ್ಕೆ ಒಬ್ಬ ತಮ್ಮ ಹುಟ್ಟುತ್ತಿದ್ದ.

"ಈ ಸಲವೂ ಬಾವಿ ಸರಿಯಾಗದಿದ್ರೆ ನಾನು ಕುಂಜತ್ತೂರಿಗೆ, ಅಣ್ಣನ ಮನೆಗೆ ಹೋಗುದು. ನೀವು ಮಣ್ಣಿನೊಟ್ಟಿಗೆ ಸಂಸಾರ ಮಾಡಿ," ಎಂದಿದ್ದಳು ಕಿನ್ನಿ.

ಈ ಸಲ ಬಂದದ್ದು ಕಾಲೇಜಿನ ನಮಿತಾ ಟೀಚರ್ ತಂದ ಬ್ಯಾಕ್ಟೀರಿಯಾ.

"ಇವು ಲ್ಯಾಬಿನವು ಚೆನ್ನಪ್ಪಣ್ಣ, ಇಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಆದ್ರೆ ವಿಷ ತಿನ್ನುವ ಜೀನ್ ಇವುಗಳ ಹತ್ರ ಉಂಟು. ಸಾಯುವ ಮೊದಲು ಅದನ್ನು ಈ ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ದಾಟಿಸಿದ್ರೆ, ಮತ್ತೆ ಊರಿನವೇ ತಿಂತವೆ."

"ಮದುವೆ ಮಾಡಿಸ್ಬೇಕಾ ಟೀಚರೇ?"

"ಬೇಡ ಮಾರಾಯ್ರೇ, ಒಂದಕ್ಕೊಂದು ತಾಗಿದ್ರೆ ಸಾಕು."

ಟೀಚರ್ ಅವನ್ನು ಮಣ್ಣಿಗೆ ಹೊಯ್ದ ಮೇಲೆ ಎರಡು ತಿಂಗಳು ಚೆನ್ನಪ್ಪ ಅಂಗಳ ಕಾದ. ಕೋಳಿ ಹೋಗಲಿ, ಕಾಗೆಯ ನೆರಳನ್ನೂ ಬೀಳಗೊಡಲಿಲ್ಲ. ಕೊನೆಗೆ ಮಣ್ಣು ಪರೀಕ್ಷಿಸಲು ಟೀಚರೊಟ್ಟಿಗೆ ಅಧಿಕಾರಿಗಳೂ ಬರುತ್ತಾರೆಂದು ಗೊತ್ತಾಯಿತು. ದೊಡ್ಡವರು ಬರುವಾಗ ಅಂಗಳ ಹಾಗೇ ಇರುವುದೆ? ವಾರ್ಡಿನ ಶುಚೀಕರಣಕ್ಕೆ ಕೊಟ್ಟಿದ್ದ ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿ, ಎಲ್ಲರೂ ಮಾಡುವಂತೆ ಎರಚಿದ. ಎರಚಿದ್ದಕ್ಕೆ ನಾಲ್ಕು ಕೊಡ ನೀರೂ ಹೊಯ್ದ. ಮೇಲೆ ಹೋದ ಗಲ್ಫ್ ವಿಮಾನದವರು ಕೆಳಗೆ ಹಿಮಾಲಯ ಕಂಡು ಗಾಬರಿಯಾಗಿರಬೇಕು.

ಜೀಪಿನಿಂದ ಇಳಿದ ನಮಿತಾ ಮೂಗು ಹಿಡಿದಳು.

"ಇದೆಂತ ಹಾಕಿದ್ದು?"

"ಎಂತ ಇಲ್ಲ ಟೀಚರೇ, ಕ್ರಿಮಿ ಸಾಯ್ಲಿಕ್ಕೆ..." ಎಂದ ಮೇಲೆ ಅವನಿಗೆ ಹೊಳೆಯಿತು, ಟೀಚರ್ ತಂದದ್ದೂ ಕ್ರಿಮಿಯೇ!

ಅವಳು ಮೆಟ್ಟಿಲಲ್ಲಿ ಕೂತಳು. "ಲ್ಯಾಬಿನಲ್ಲಿ ಆ ಬ್ಯಾಕ್ಟೀರಿಯಾ ಇನ್ನು ಒಂದು ತೊಟ್ಟೂ ಇಲ್ಲ. ಯೋಜನೆಯೂ ಈ ತಿಂಗಳಿಗೆ ಮುಗೀತದೆ."

ಬ್ಲೀಚಿಂಗ್ ತಾಗದ ಮಣ್ಣು ಹುಡುಕಲು ಚೆನ್ನಪ್ಪ ಹಾರೆ ಹಿಡಿದ. ಅಧಿಕಾರಿಗಳು ನೋಡುತ್ತಿದ್ದಂತೆ ಅಗೆದ, ಮೂಸಿದ, ಎಸೆದ. ಪಾತಾಳ ಇನ್ನೊಂದು ಗೇಣಿರುವವರೆಗೆ ಹೋದರೂ ಹಿಡಿ ಹಿಡಿ ಮಣ್ಣಿನಲ್ಲೂ ಅದೇ ವಾಸನೆ. ಹಾರೆ ಬಿಟ್ಟು ಬೆರಳಿನಲ್ಲಿ ಕೆರೆದ. ಉಗುರು ಕಿತ್ತು ರಕ್ತ ಬಂದ ಮೇಲೆ, ಒಂದು ಮುರಕಲ್ಲಿನ ಅಡಿಯಲ್ಲಿ ವಾಸನೆಯಿಲ್ಲದ ಒಂದು ಚಿಟಿಕೆ ಸಿಕ್ಕಿತು. ನಮಿತಾ ಅದನ್ನು ಬಾಟಲಿಗೆ ಹಾಕಿಕೊಂಡಳು.

ಆರನೆಯ ದಿನ ಫೋನು ಬಂತು. "ಲ್ಯಾಬಿನ ತಟ್ಟೆಯಲ್ಲಿ ಒಂದು ಚುಕ್ಕೆ ಬ್ಯಾಕ್ಟೀರಿಯಾ ಬೆಳೆದಿದೆ ಚೆನ್ನಪ್ಪಣ್ಣ. ನಾವು ಹಾಕಿದ್ದಲ್ಲ, ನಿಮ್ಮ ಮಣ್ಣಿನದ್ದೇ. ಜೀನ್ ದಾಟಿದೆ!"

"ಹಾಗಾದ್ರೆ ಬಾವಿ?"

"ಇದನ್ನು ಬೆಳೆಸಿ ಮತ್ತೆ ತರ್ಬೇಕು. ಹೊಸ ಯೋಜನೆ ಸಿಕ್ಕಿದ್ರೆ... ವರ್ಷಗಳೇ ಹಿಡೀಬಹುದು."

ಕಿನ್ನಿ ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿದ್ದಳು. ಅವನು ಓಡಿದ.

"ಕಿನ್ನೀ, ಒಂದು ಬದುಕಿದೆ!"

"ಒಂದಾ?"

"ಒಂದು ನೂರಾಗ್ತದೆ, ನೂರು ಕೋಟಿ ಆಗ್ತದೆ!"

"ಯಾವಾಗ?"

ಚೆನ್ನಪ್ಪ ಬೆರಳು ಮಡಚಿ ವರ್ಷ ಎಣಿಸತೊಡಗಿದ. ಕಿನ್ನಿ ಅವನ ಗಾಯದ ಬೆರಳುಗಳಿಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಒಮ್ಮೆ ಬಿಗಿ ಮಾಡಿ, ಕುಂಜತ್ತೂರಿನ ಬಸ್ಸು ಹತ್ತಿದಳು.