ಪೂಜೆಗಿಟ್ಟ ಕ್ಯಾಮೆರಾ

ನನ್ನ ಗಂಡ ಜಯರಾಮ್‌ಗೆ ಕುಡಿಯುವ ಚಟವಿರಲಿಲ್ಲ, ಇಸ್ಪೀಟಿನ ಚಟವಿರಲಿಲ್ಲ. ಇದ್ದದ್ದು ಒಂದೇ, ತುಕ್ಕು ಹಿಡಿದ ಯಂತ್ರಗಳ ಫೋಟೋ ತೆಗೆಯುವ ಚಟ. ಅದರಲ್ಲೂ ಯಾರ್ಡರ್ ಕಂಡರೆ ಮುಗಿಯಿತು. ಗುಡ್ಡದ ನೆತ್ತಿಯಲ್ಲಿ ನಿಂತು, ಕೆಳಗಿನ ಕಮರಿಯಲ್ಲಿ ಕಡಿದುರುಳಿಸಿದ ಮರಗಳನ್ನು ಉಕ್ಕಿನ ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳುವ ಯಂತ್ರಕ್ಕೆ ಇಲ್ಲಿ ಅಮೆರಿಕದಲ್ಲಿ ಹಾಗೆನ್ನುತ್ತಾರೆ. ಮರ ಮುಗಿದ ಮೇಲೆ ಕಂಪನಿಗಳು ಅವನ್ನು ಕಾಡಿನಲ್ಲೇ ಬಿಟ್ಟು ಹೋಗಿದ್ದವು. ವಾರವಿಡೀ ಸಾಂಟಾ ಕ್ಲಾರಾದ ಆಫೀಸಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸರ್ಕ್ಯೂಟುಗಳನ್ನು ಡಿಸೈನ್ ಮಾಡುವ ಮನುಷ್ಯ, ರಜೆ ಬಂತೆಂದರೆ ಉತ್ತರದ ಕಾಡುಗಳವರೆಗೆ ಕಾರು ಓಡಿಸಿ, ಅವುಗಳ ಮುಂದೆ ಟ್ರೈಪಾಡ್ ಹೂಡಿ ನಿಲ್ಲುತ್ತಿದ್ದರು. ನನಗೊಬ್ಬಳು ಸವತಿ ಇದ್ದಾಳೆ, ಇಪ್ಪತ್ತು ಟನ್ ತೂಗುತ್ತಾಳೆ ಎಂದು ನಾನು ಸ್ನೇಹಿತೆಯರಿಗೆ ಹೇಳುತ್ತಿದ್ದೆ.

ನಮ್ಮ ಮನೆಯಿಂದ ಒಂದು ಗಂಟೆ ದೂರದಲ್ಲಿ, ಸ್ಕೈಲೈನ್ ರಸ್ತೆಯ ಆಚೆಯ ಗುಡ್ಡದಲ್ಲೂ ಒಂದು ಯಾರ್ಡರ್ ಇತ್ತು. ಅದರ ಒಂದೇ ಒಂದು ಫೋಟೋವನ್ನೂ ಇವರು ತೆಗೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ.

ಎರಡು ಸಾವಿರದ ಇಸವಿಯ ಬೇಸಿಗೆಯಲ್ಲಿ ಲೈಬ್ರರಿಯವರು ಇವರ ಫೋಟೋಗಳ ಪ್ರದರ್ಶನ ಇಟ್ಟರು. ಅಲ್ಲಿಗೆ ಲಾಯ್ಡ್ ಎಂಬ ಮುದುಕರು ಗಾಲಿಕುರ್ಚಿಯಲ್ಲಿ, ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಬಂದಿದ್ದರು. ಎಲ್ಲ ಫೋಟೋಗಳನ್ನೂ ನೋಡಿ ಮುಗಿಸಿ, "ನನ್ನದು ಎಲ್ಲಿ?" ಎಂದು ಕೇಳಿದರು. ಸ್ಕೈಲೈನ್ ಆಚೆಯ ಆ ಯಾರ್ಡರನ್ನು ವಯಸ್ಸಿನಲ್ಲಿ ಓಡಿಸಿದವರು ಅವರೇ. ಕಮರಿಯಲ್ಲಿ ನಿಂತು ಮರಗಳಿಗೆ ಹಗ್ಗ ಬಿಗಿಯುವ ಕೆಲಸ ಅವರ ತಮ್ಮ ಆರ್ನಿಯದು. ಒಂದು ದಿನ ಹಗ್ಗ ತುಂಡಾಗಿ ಬೀಸಿ ಹೊಡೆದು, ಹುಡುಗ ಅಲ್ಲೇ ಸತ್ತ. ಆಮೇಲೆ ಮನೆಗೂ ಬೆಂಕಿ ಬಿದ್ದು, ಅವನ ಒಂದು ಫೋಟೋವೂ ಉಳಿಯಲಿಲ್ಲ. ಆದರೆ ಯಂತ್ರಕ್ಕೆ ಬಣ್ಣ ಬಳಿಯುವಾಗ ಆರ್ನಿ ತಮಾಷೆಗೆ ಕೆಂಪು ಬಣ್ಣದಲ್ಲಿ ಅಂಗೈ ಅದ್ದಿ, ಎಂಜಿನ್ ಗೂಡಿನ ಒಳಗೋಡೆಗೆ ಒತ್ತಿದ್ದನಂತೆ. ಮಳೆಗಾಳಿ ತಾಕದ ಜಾಗ, ಇನ್ನೂ ಇರಲೇಬೇಕು ಎಂದರು ಲಾಯ್ಡ್.

"ಅವನ ಆ ಕೈಯೊಂದನ್ನು ನನಗೆ ತಂದುಕೊಡು," ಎಂದರು. ಇವರು ಅವರ ಕೈ ಹಿಡಿದು ಮಾತು ಕೊಟ್ಟರು.

ಮಾತು ಕೊಟ್ಟದ್ದೇನೋ ಆಯಿತು. ಆಫೀಸಿನಲ್ಲಿ ಹೊಸ ಚಿಪ್ಪಿನ ರಿಲೀಸು ಹತ್ತಿರವಿತ್ತು, ಊರಿಗೆ ಊರೇ ರಾತ್ರಿ ಹಗಲೆನ್ನದೆ ದುಡಿಯುತ್ತಿದ್ದ ಕಾಲ. ನಾಳೆ ಎಂದರೆ ಹಾಳು ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಅಷ್ಟರಲ್ಲಿ ಆ ಗುಡ್ಡವನ್ನು ಇಂಟರ್ನೆಟ್ಟಿನಲ್ಲಿ ಹೂಗುಚ್ಛ ಮಾರಿ ಶ್ರೀಮಂತನಾದ ಯಾರೋ ಹುಡುಗ ಮನೆ ಕಟ್ಟಲೆಂದು ಕೊಂಡುಕೊಂಡ. ಇವರು ಫೋನು ಮಾಡಿ ವಿಚಾರಿಸಿದಾಗ, ಯಾರ್ಡರನ್ನು ಸೋಮವಾರ ಕತ್ತರಿಸಿ ಗುಜರಿಗೆ ಹಾಕುತ್ತೇವೆಂದು ಅವನ ಕಂಟ್ರಾಕ್ಟರ್ ತಿಳಿಸಿದ. ಹಾಗಾದರೆ ಭಾನುವಾರ ಹೋಗುವುದೆಂದು ಇವರು ಕೊನೆಗೂ ನಿಶ್ಚಯಿಸಿದರು.

ಶನಿವಾರ ಮನೆಯಲ್ಲಿ ಆಯುಧಪೂಜೆ. ಪಂಚಾಂಗದ ಪ್ರಕಾರ ಅದು ಹಿಂದಿನ ದಿನವೇ ಆಗಬೇಕಿತ್ತು. ಆದರೆ ಅಮೆರಿಕದಲ್ಲಿ ನಮ್ಮ ಹಬ್ಬಗಳೆಲ್ಲ ವಾರಾಂತ್ಯಕ್ಕೇ ಬರುತ್ತವೆ, ದೇವರಿಗೂ ಅಭ್ಯಾಸವಾಗಿದೆ. ಲ್ಯಾಪ್‌ಟಾಪು, ಮಿಕ್ಸಿ, ಸ್ಕ್ರೂಡ್ರೈವರು, ಜೊತೆಗೆ ಇವರ ಕ್ಯಾಮೆರಾ, ಎಲ್ಲಕ್ಕೂ ಕುಂಕುಮ ಹಚ್ಚಿ ದೇವಿಯ ಮುಂದೆ ಜೋಡಿಸಿದ್ದಾಯಿತು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಇವರ ತಂದೆ ಮಂಡ್ಯದಲ್ಲಿ ಲೇತ್ ಶೆಡ್ಡು ಇಟ್ಟಿದ್ದವರು, ಆ ಒಂದು ದಿನ ಯಾರು ಬಂದು ಬೇಡಿದರೂ ಸ್ವಿಚ್ ಒತ್ತುತ್ತಿರಲಿಲ್ಲವಂತೆ. ಕಾರಿಗೆ ಮಾತ್ರ ವಿನಾಯಿತಿ, ಅದನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿದರೆ ಸಾಕು.

ಮಂಗಳಾರತಿ ತಟ್ಟೆ ಇನ್ನೂ ಕೈಯಲ್ಲಿತ್ತು, ಫೋನು ಬಂತು. ಗುಜರಿಯವರು ಎರಡು ದಿನ ಮೊದಲೇ ಬಂದಿದ್ದಾರೆ, ಕತ್ತರಿಸಲು ಶುರು ಮಾಡಿದ್ದಾರೆ ಎಂದ ಕಂಟ್ರಾಕ್ಟರ್.

"ನಿಂತ್ಕೊಂಡು ಏನ್ ನೋಡ್ತಿದೀರಾ, ಕ್ಯಾಮೆರಾ ತಗೊಳ್ರೀ!" ಎಂದೆ.

ಇವರು ಕೈ ಚಾಚಿದರು, ಕುಂಕುಮ ನೋಡಿ ಹಿಂದಕ್ಕೆ ತೆಗೆದುಕೊಂಡರು.

ಊರಿಂದ ಬಂದಿದ್ದ ನಮ್ಮತ್ತೆ ನಂಜಮ್ಮನೇ ಹೇಳಿದರು, "ಒಂದು ತಪ್ಪುಕಾಣ್ಕೆ ಎತ್ತಿಟ್ಟು ತಗೊಂಡ್ ಹೋಗ್ ಮಗ. ಆ ಮುದುಕಪ್ಪ ಕಾಯ್ಕೊಂಡ್ ಕೂತವ್ನೆ."

"ಅಪ್ಪ ಒಂದ್ಸಲನಾದ್ರೂ ಮುಟ್ಟಿದ್ರೇನಮ್ಮ?"

"ನಿಮ್ಮಪ್ಪ ಮಾಡ್ತಿದ್ದುದ್ದು ಸರಿಯಾದ್ ದಿನ ಕಣೋ. ಇವತ್ತು ದಶಮಿ. ಆಯುಧ ಎತ್ಕೊಳೋ ದಿನ ಇದು."

"ಸಂಕಲ್ಪ ಮಾಡಿ ಇಟ್ಟಾಯ್ತಲ್ಲಮ್ಮ," ಎಂದರು ಇವರು. ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಮೇಲಿನ ಭಕ್ತಿಯ ಮುಂದೆ ನನ್ನ ಮಾತು ಯಾವತ್ತು ನಡೆದಿದೆ?

ದಾರಿಯಲ್ಲಿ ಒಂದು ಅಂಗಡಿಗೆ ನುಗ್ಗಿ, ಒಮ್ಮೆ ಬಳಸಿ ಬಿಸಾಡುವ ರಟ್ಟಿನ ಕ್ಯಾಮೆರಾ ಕೊಂಡರು. ಫ್ಲಾಶ್ ಇರುವಂಥವು ಮಾರಿಹೋಗಿದ್ದವು, ಸಿಕ್ಕಿದ್ದು ಫ್ಲಾಶ್ ಇಲ್ಲದ್ದು. ನಾವು ತಲುಪುವ ಹೊತ್ತಿಗೆ ಯಾರ್ಡರಿನ ಕಂಬ ನೆಲಕ್ಕೊರಗಿತ್ತು. ಎಂಜಿನ್ ಗೂಡು ಮಾತ್ರ ಇನ್ನೂ ನಿಂತಿತ್ತು. ಕಂಟ್ರಾಕ್ಟರ್ ಒಳ್ಳೆಯವನು, ಕೆಲಸ ನಿಲ್ಲಿಸಿ ಟಾರ್ಚು ಹಿಡಿದ. ಒಳಗೆ ಬಗ್ಗಿ ನೋಡಿದೆವು. ಕೈ ಇತ್ತು. ಬೆರಳುಗಳನ್ನು ಅಗಲಿಸಿ ಒತ್ತಿದ, ಎಳೆಯ ಹುಡುಗನ ಅಗಲ ಅಂಗೈ, ರೇಖೆಗಳೂ ಕಾಣುತ್ತಿದ್ದವು. ನನಗೆ ಅಳು ಬಂತು.

ಇವರು ಆ ರಟ್ಟಿನ ಡಬ್ಬಿಯಲ್ಲಿದ್ದ ರೀಲನ್ನೆಲ್ಲ ಮುಗಿಸಿದರು. ಆಮೇಲೆ ಕೈಗುರುತಿದ್ದ ಆ ಗೋಡೆಯ ತುಂಡನ್ನೇ ಕತ್ತರಿಸಿ ಕೊಡಿ ಎಂದು ಕೇಳಿಕೊಂಡರು. ಬೆರಳು ದಪ್ಪದ ಉಕ್ಕು, ಗ್ಯಾಸ್ ಕಟ್ಟರ್ ಬಿಟ್ಟು ಬೇರೆ ದಾರಿಯಿರಲಿಲ್ಲ. ಸಾಕಷ್ಟು ಜಾಗ ಬಿಟ್ಟು ಸುತ್ತಲೂ ಕತ್ತರಿಸುತ್ತ ಬಂದರು. ಆದರೂ ಕಾವು ಹರಿದು ಬಣ್ಣ ಮೊದಲು ಉಬ್ಬಿತು, ಆಮೇಲೆ ಕಪ್ಪಾಯಿತು, ಆಮೇಲೆ ಹಪ್ಪಳದ ಚೂರಿನಂತೆ ಉದುರಿತು. "ಸಾರಿ" ಎಂದ ಕಂಟ್ರಾಕ್ಟರ್. ಫೋಟೋ ಇದೆಯಲ್ಲ ಎಂದು ಇವರು ಮನೆ ಮುಟ್ಟುವವರೆಗೂ ಹೇಳುತ್ತಲೇ ಇದ್ದರು.

ಫೋಟೋಗಳು ತೊಳೆದು ಬಂದವು. ಎಲ್ಲವೂ ಕಪ್ಪು. ಟಾರ್ಚಿನ ಬೆಳಕು ನಮ್ಮ ಕಣ್ಣಿಗೆ ಸಾಕಾಗಿತ್ತು, ಆ ಡಬ್ಬಿಗೆ ಸಾಕಾಗಿರಲಿಲ್ಲ.

ಲಾಯ್ಡ್ ಇದ್ದದ್ದು ರೆಡ್‌ವುಡ್ ಸಿಟಿಯ ವೃದ್ಧಾಶ್ರಮದಲ್ಲಿ. ಇವರು ಒಬ್ಬರೇ ಹೋಗಲು ಹೆದರಿದರು, ನಾನೂ ಹೋದೆ. ಮುದುಕರು ಫೋಟೋಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೊನೆಯದನ್ನು ತುಂಬ ಹೊತ್ತು ಹಿಡಿದಿದ್ದರು.

"ನಿನ್ನ ಆ ಒಳ್ಳೆಯ ಕ್ಯಾಮೆರಾ ಎಲ್ಲಿತ್ತು?"

ಇವರು ಮುಚ್ಚಿಡಲಿಲ್ಲ. ವರ್ಷಕ್ಕೊಂದು ದಿನ ನಾವು ಕೆಲಸದ ಯಂತ್ರಗಳಿಗೆ ಹೂವಿಟ್ಟು ನಮಸ್ಕರಿಸುತ್ತೇವೆ, ಆ ದಿನ ಅವುಗಳಿಂದ ಕೆಲಸ ತೆಗೆಯುವುದಿಲ್ಲ ಎಂದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಂತ್ರಕ್ಕೆ ರಜೆ," ಎಂದರು ಲಾಯ್ಡ್. "ನಮ್ಮ ಯಜಮಾನನಿಗೆ ಇದು ಗೊತ್ತಿರಲಿಲ್ಲ. ಆರ್ನಿ ಸತ್ತದ್ದು ಭಾನುವಾರ. ಅವತ್ತು ಯಾರ್ಡರ್ ಓಡಿಸುತ್ತಿದ್ದವನು ನಾನೇ."

ಫೋಟೋಗಳನ್ನು ಜೋಡಿಸಿ ಇವರ ಕೈಗೆ ವಾಪಸು ಕೊಟ್ಟರು. ಕ್ರಿಸ್‌ಮಸ್ ಕಳೆದು ಸ್ವಲ್ಪ ದಿನಕ್ಕೆ ತೀರಿಕೊಂಡರೆಂದು ವೃದ್ಧಾಶ್ರಮದಿಂದ ಫೋನು ಬಂತು.

ಮುಂದಿನ ವರ್ಷ ಇವರ ಕಂಪನಿ ಮುಚ್ಚಿತು. ನವರಾತ್ರಿ ಬಂದಾಗ ಇವರು ಪಂಚಾಂಗ ನೋಡಿ, ಸರಿಯಾದ ದಿನವೇ ಕ್ಯಾಮೆರಾವನ್ನು ಪೂಜೆಗಿಟ್ಟರು. ಮಾರನೆಯ ದಿನ ದಶಮಿ. ಲ್ಯಾಪ್‌ಟಾಪು ಎತ್ತಿಕೊಂಡರು, ಸ್ಕ್ರೂಡ್ರೈವರು ಎತ್ತಿಕೊಂಡರು. ಕ್ಯಾಮೆರಾ ಈಗಲೂ ದೇವರ ಮುಂದೆಯೇ ಇದೆ.