ಕೆಂಪು ಚೀಟಿ, ಹಸಿರು ಚೀಟಿ

ಮನೆಯಲ್ಲಿ ಬೇಡದ ಸಾಮಾನೆಲ್ಲ ತೆಗೆದು ಹಾಕೋಣ ಅಂತ ನನ್ನ ಗಂಡ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಬಸ್ ಡಿಪೋದ ಸ್ಟೋರಿನಲ್ಲಿ ಇಪ್ಪತ್ತೆಂಟು ವರ್ಷ ಬೋಲ್ಟು, ಬೇರಿಂಗು, ಟ್ಯೂಬುಗಳನ್ನು ಕಾಯ್ದುಕೊಂಡು ಕೂತ ಮನುಷ್ಯ. ತುಕ್ಕು ಹಿಡಿದ ಮೊಳೆಯನ್ನೂ ಎಸೆಯುವವರಲ್ಲ, ಯಾವತ್ತಾದರೂ ಬೇಕಾಗುತ್ತೆ ಅಂತ ಡಬ್ಬಿಗೆ ಹಾಕುವವರು. ಅಂಥವರು ನಿವೃತ್ತರಾದ ಮೂರೇ ತಿಂಗಳಿಗೆ, ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ನಾವು ಬದುಕೋ ರೀತಿಗೆ ತಕ್ಕ ಹಾಗೆ ಮನೆ ಇರಬೇಕು ಅಂದರು. ಇದು ಇವರ ಬಾಯಿಂದ ಬರುವ ಮಾತೇ ಅಲ್ಲ. ಯಾರೋ ಹೇಳಿಕೊಟ್ಟಿದ್ದಾರೆ ಅಂದುಕೊಂಡೆ.

ಯಾರು ಅಂತ ಕಂಡುಹಿಡಿಯಲು ಎರಡು ದಿನ ಸಾಕಾಯಿತು. ನನ್ನ ನಾದಿನಿ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ, ಗಂಡ ತೀರಿಕೊಂಡ ಮೇಲೆ ಒಂದು ಬಾಡಿಗೆ ರೂಮಿನಲ್ಲಿ ಒಬ್ಬಳೇ ಇದ್ದಾಳೆ. ರೂಮು ಖಾಲಿ ಮಾಡು ಅಂತ ಮಾಲೀಕ ಹೇಳಿದ್ದಾನೆ ಅಂತ ಹೋದ ತಿಂಗಳು ಅವಳೇ ಅತ್ತುಕೊಂಡಿದ್ದಳು. ಈಗ ಅವಳ ಫೋನು ಬಂದರೆ ಸಾಕು, ಇವರು ಎದ್ದು ಹಿತ್ತಲಿಗೆ ಹೋಗುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣಿಸುವುದಿಲ್ಲವೇ? ಬಟ್ಟೆ ಒಣಗಿಸುವ ನೆಪದಲ್ಲಿ ನಾನೂ ಹಿಂದೆಯೇ ಹೋದೆ. ಆರಡಿ ಉದ್ದ, ಮೂರಡಿ ಅಗಲ ಸಾಕಾ, ಎತ್ತರ ಎಷ್ಟಿರಲಿ ಅಂತ ಕೇಳುತ್ತಿದ್ದರು. ನನ್ನನ್ನು ನೋಡಿದ್ದೇ ತಡ, ಆಮೇಲೆ ಮಾಡ್ತೀನಿ ಅಂತ ಫೋನಿಟ್ಟರು.

ಆರಡಿ ಮೂರಡಿ ಅಂದರೆ ಮಂಚವಲ್ಲದೆ ಇನ್ನೇನು? ಎತ್ತರ ಬೇರೆ ಕೇಳುತ್ತಾರೆ, ಮಹಾರಾಣಿಗೆ ಹತ್ತಿ ಇಳಿಯಲು ಕಷ್ಟ ಅಂತ ಕಾಣುತ್ತೆ.

ನಮ್ಮದು ಒಂದು ಹಾಲು, ಒಂದು ರೂಮು, ಅಡುಗೆಮನೆ. ಮಂಚ ಹಾಕಬೇಕಾದರೆ ಹಾಲಿನ ಕಿಟಕಿಯ ಪಕ್ಕವೇ ಆಗಬೇಕು. ಅಲ್ಲಿ ನನ್ನ ಹೊಲಿಗೆ ಮಷೀನಿದೆ. ಇಪ್ಪತ್ತೆರಡು ವರ್ಷದಿಂದ ಆ ಬೆಳಕಿನಲ್ಲಿ ಕೂತು ಹೊಲಿದಿದ್ದೇನೆ. ಬಟ್ಟೆ ಕತ್ತರಿಸುವುದು ನೆಲದ ಮೇಲೆ, ಮಂಡಿಯೂರಿ. ಸೊಂಟ ಹಿಡಿದುಕೊಂಡು ಏಳುವಾಗ ಜೀವ ಬಾಯಿಗೆ ಬರುತ್ತದೆ, ಆದರೆ ಮಷೀನಿನ ಮುಂದೆ ಕೂತರೆ ಎಲ್ಲಾ ಮರೆಯುತ್ತದೆ. ಅಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಅತ್ತಿಗೆಯೂ ಅಲ್ಲ. ಇಡೀ ಬೀದಿಗೆ ಟೈಲರಮ್ಮ. ಅದೊಂದು ಹೋದರೆ ನನ್ನ ಹತ್ತಿರ ನನ್ನದು ಅಂತ ಉಳಿಯುವುದು ಏನೂ ಇಲ್ಲ.

ಸೋಮವಾರ ನಾನು ತರಕಾರಿ ತಂದು ಒಳಗೆ ಕಾಲಿಟ್ಟರೆ, ಮನೆ ತುಂಬ ಚೀಟಿಗಳು. ದಾರ ಕಟ್ಟಿದ ರಟ್ಟಿನ ಚೀಟಿಗಳು, ಕೆಲವು ಕೆಂಪು, ಕೆಲವು ಹಸಿರು. ಸ್ಟೋರಿನ ಬುದ್ಧಿ ಎಲ್ಲಿಗೆ ಹೋಗುತ್ತೆ? ನಾನು ಒಂದೊಂದನ್ನೇ ನೋಡುತ್ತಾ ಬಂದೆ. ನನ್ನ ಮಷೀನಿಗೆ ಕೆಂಪು. ನನ್ನ ಬಟ್ಟೆಯ ಟ್ರಂಕಿಗೆ ಕೆಂಪು. ಗಿರಾಕಿಗಳು ಹಾಕಿ ನೋಡಿಕೊಳ್ಳುವ ನಿಲುವುಗನ್ನಡಿಗೂ ಕೆಂಪು. ಇನ್ನು ಅವರ ರೇಡಿಯೋಗೆ ಹಸಿರು, ಕೇರಂ ಬೋರ್ಡಿಗೆ ಹಸಿರು, ಮೊಳೆ ಡಬ್ಬಿಗಳ ಕಪಾಟಿಗೆ ಹಸಿರು, ಅವರು ಕಾಲು ಚಾಚಿ ಕೂರುವ ಆರಾಮಕುರ್ಚಿಗೂ ಹಸಿರು.

ಹೊಲಿಗೆ ಕಸುಬಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆಯ ಮೇಲೆ ನಾನು ಕೆಂಪು ಚಾಕ್‌ಪೀಸಿನಲ್ಲಿ ಗೀಟು ಹಾಕಿದೆ ಅಂದರೆ ಅದು ಕತ್ತರಿಸಿ ತೆಗೆಯುವ ಭಾಗ. ನನ್ನದೆಲ್ಲ ಕತ್ತರಿಸಿ, ತಮ್ಮದೆಲ್ಲ ಉಳಿಸಿಕೊಂಡಿದ್ದಾರೆ. ಮೈಯೆಲ್ಲ ಉರಿದುಹೋಯಿತು.

ಇವರು ಒಂದು ಕಟ್ಟು ಚೀಟಿ ನನ್ನ ಕೈಗೆ ಕೊಟ್ಟು, ಗುರುವಾರ ಹಳೇ ಸಾಮಾನಿನವನು ಬರುತ್ತಾನೆ, ನಿನಗೆ ಹೇಗೆ ಬೇಕೋ ಹಾಗೆ ಬದಲಾಯಿಸು ಅಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯಾವ ಬಣ್ಣಕ್ಕೆ ಏನರ್ಥ ಅಂತ ನಾನು ಕೇಳಲಿಲ್ಲ, ಕೇಳುವುದೇನು ಮಣ್ಣು. ನನಗೆ ಸಿಟ್ಟು ಬಂದರೆ ನಾನು ಜಗಳವಾಡುವವಳಲ್ಲ, ಮಾತು ಬಿಡುವವಳು. ಬಿಟ್ಟೆ. ಊಟ ಬಡಿಸಿದೆ, ಬಟ್ಟೆ ಮಡಚಿದೆ, ತುಟಿ ಮಾತ್ರ ಬಿಚ್ಚಲಿಲ್ಲ. ಮಂಗಳವಾರ ಬಡಗಿ ಬಂದು ಕಿಟಕಿಯ ಪಕ್ಕ ಟೇಪು ಹಿಡಿದು ಅಳೆದ. ನಾನು ಹಾಲಿಗೆ ಬಂದ ಕೂಡಲೇ ಇಬ್ಬರೂ ಬಾಯಿ ಮುಚ್ಚಿಕೊಂಡರು. ಬಡಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಎಷ್ಟು ಸೊಕ್ಕು ನೋಡಿ.

ಬುಧವಾರ ಸಂಜೆ ಇವರು ಕ್ಷೌರಕ್ಕೆ ಹೋದಾಗ ನಾನು ಕೆಲಸ ಮುಗಿಸಿದೆ. ಮಷೀನಿನ ಕೆಂಪು ಚೀಟಿ ಬಿಚ್ಚಿ ಹಸಿರು ಕಟ್ಟಿದೆ, ಜಗ್ಗಿದರೂ ಬಿಚ್ಚದ ಗಂಟು ಹಾಕಿ. ಟ್ರಂಕು, ಕನ್ನಡಿ ಹೋದರೆ ಹೋಗಲಿ, ಮಷೀನು ಉಳಿದರೆ ಸಾಕು ಅಂದುಕೊಂಡೆ. ಸಿಟ್ಟು ಮಾತ್ರ ಆರಲಿಲ್ಲ. ಅವರಿಗೆ ಜೀವದಂತಿದ್ದ ರೇಡಿಯೋದ ಹಸಿರು ಕಿತ್ತು ಕೆಂಪು ಕಟ್ಟಿದೆ. ತಮ್ಮ ಸಾಮಾನು ಹೊರಗೆ ಹೋದರೆ ಹೇಗಿರುತ್ತೆ ಅಂತ ಇವರಿಗೂ ಗೊತ್ತಾಗಲಿ.

ಗುರುವಾರ ಬೆಳಿಗ್ಗೆ ನಾನು ಶಾಲೆಯೊಂದಕ್ಕೆ ಸಮವಸ್ತ್ರದ ಅಳತೆ ತೆಗೆದುಕೊಳ್ಳಲು ಹೊರಟಿದ್ದೆ. ಇವರು ಮಷೀನಿನ ಹತ್ತಿರ ನಿಂತಿದ್ದರು, ಹಸಿರು ಚೀಟಿಯನ್ನು ಬೆರಳಲ್ಲಿ ಹಿಡಿದುಕೊಂಡು.

"ಯೋಚನೆ ಮಾಡೇ ಕಟ್ಟಿದ್ದೀಯಾ?" ಅಂದರು.

ತಲೆಯಾಡಿಸಿದೆ.

"ಇನ್ನೊಂದು ಸಲ ಯೋಚನೆ ಮಾಡು."

ಇನ್ನೂ ಜೋರಾಗಿ ತಲೆಯಾಡಿಸಿದೆ. ಅವರ ಮುಖ ಸಪ್ಪಗಾಯಿತು. ಆಟ ಕೆಟ್ಟಿತಲ್ಲ ಅಂತ ನನಗೆ ಒಳಗೊಳಗೇ ಖುಷಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಾ ಹೋದೆ.

ಸಂಜೆ ಬಂದು ಬಾಗಿಲು ತಳ್ಳಿದರೆ ಹಾಲು ನಮ್ಮದು ಅನ್ನಿಸಲಿಲ್ಲ. ಗೋಡೆಗೆ ತಿಳಿ ಬಣ್ಣ ಬಳಿದಿದ್ದರು. ಕಪಾಟು ಇಲ್ಲ, ಕುರ್ಚಿ ಇಲ್ಲ, ಕೇರಂ ಬೋರ್ಡ್ ಇಲ್ಲ. ಟ್ರಂಕು ಇತ್ತು. ಕನ್ನಡಿ ಇತ್ತು. ಅವರದು ಅಂತ ರೇಡಿಯೋ ಒಂದೇ ಗೂಡಿನಲ್ಲಿ ಕೆಂಪು ಚೀಟಿ ಹೊತ್ತು ಕೂತಿತ್ತು. ಗೋಡೆಯ ಬದಿಗೆ ಆರಡಿ ಉದ್ದ, ಮೂರಡಿ ಅಗಲದ ಹೊಸ ಮೇಜು. ನನ್ನ ಸೊಂಟದ ಎತ್ತರಕ್ಕೆ ಸರಿಯಾಗಿ, ನಿಂತೇ ಬಟ್ಟೆ ಕತ್ತರಿಸುವ ಮೇಜು. ಕಿಟಕಿಯ ಕೆಳಗೆ ಖಾಲಿ.

"ಮಷೀನೆಲ್ಲಿ?" ಅಂದೆ. ನಾಲ್ಕು ದಿನದ ಮೇಲೆ ಆಡಿದ ಮೊದಲ ಮಾತು.

ಇವರು ಕಣ್ಣು ಕಣ್ಣು ಬಿಟ್ಟರು. ಹಸಿರು ಕಟ್ಟಿದ್ದೆಯಲ್ಲ ಅಂದರು. ಸ್ಟೋರಿನಲ್ಲಿ ಹಸಿರು ಅಂದರೆ ಹೊರಗೆ ಹೋಗಬಹುದು, ಕೆಂಪು ಅಂದರೆ ಯಾರು ಕೇಳಿದರೂ ಕೊಡಕೂಡದು. ಇಷ್ಟು ವರ್ಷ ಸ್ಟೋರಿನವನ ಹೆಂಡತಿಯಾಗಿದ್ದವಳಿಗೆ ಇದನ್ನು ಹೇಳಬೇಕು ಅಂತ ಅವರಿಗೆ ಹೊಳೆದೇ ಇರಲಿಲ್ಲ. ನನ್ನ ಮುಖ ನೋಡಿ ತಕ್ಷಣ ಹಳೇ ಸಾಮಾನಿನವನಿಗೆ ಫೋನು ಮಾಡಿದರು. ಅಂಗಡಿ ತಲುಪುವ ಮೊದಲೇ, ಗಾಡಿಯಲ್ಲಿದ್ದಾಗಲೇ, ಬೇರೆ ಊರಿನ ಯಾರೋ ತೆಗೆದುಕೊಂಡು ಹೋದರಂತೆ. ಹೆಸರು ಗೊತ್ತಿಲ್ಲ, ನಂಬರೂ ಇಲ್ಲ.

ಮೇಜಿನ ಎತ್ತರ ಹೇಳಿದ್ದು ನಾದಿನಿಯಂತೆ. ಕಾರ್ಖಾನೆಯಲ್ಲಿ ಹೀಗೆ ನಿಂತು ಕತ್ತರಿಸಿದರೆ ಸೊಂಟ ಉಳಿಯುತ್ತೆ, ಅತ್ತಿಗೆಗೆ ಮಾಡಿಸಿಕೊಡು ಅಂತ ಬೆನ್ನು ಹತ್ತಿದ್ದಳಂತೆ. ಅವಳಿಗೆ ಬೇರೆ ರೂಮು ಸಿಕ್ಕಿ ಹದಿನೈದು ದಿನವಾಗಿತ್ತು. ಮೊದಲೇ ಹೇಳಿದರೆ ನಾನು ಬೇಡ ಅನ್ನುತ್ತೇನೆ ಅಂತ ಗುಟ್ಟು ಮಾಡಿದ್ದರು. ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುತ್ತದೆಯೇ?

ಇವರು ಬಂದು ಪಕ್ಕದಲ್ಲಿ ಕೂತರು.

"ನಾನು ಬೇರೆ ಥರ ಅಂದ್ಕೊಂಡೆ ಕಣೇ," ಅಂದರು. "ನನ್ನದೆಲ್ಲ ನಾನು ಕೊಡ್ತಾ ಇದ್ದೀನಲ್ಲ, ಅದು ನಿನಗೆ ಸಂಕಟ ಆಗಿದೆ. ರೇಡಿಯೋ ಆದ್ರೂ ಇರಲಿ ಅಂತ ಕೆಂಪು ಕಟ್ಟಿ, ಅದರ ಬದಲಿಗೆ ನಿನ್ನ ಮಷೀನೇ ಕೊಡ್ತಿದ್ದೀಯ ಅಂತ. ಬೆಳಿಗ್ಗೆ ನೀನು ಹೋದ ಮೇಲೆ ಅದರ ಮುಂದೆ ಕೂತು ಅತ್ತುಬಿಟ್ಟೆ."

ಹೂಂ ಅಂದುಬಿಡಬಹುದಿತ್ತು. ಆ ಒಂದು ಹೂಂ ಬಾಯಿಯ ತನಕ ಬಂದಿತ್ತು. ಮಷೀನಂತೂ ಹೋಗಿದೆ, ಇವರ ಕಣ್ಣಲ್ಲಿ ಈ ಒಳ್ಳೆಯ ಹೆಸರಾದರೂ ಉಳಿಯಲಿ ಅನ್ನಿಸಿತು. ಆದರೆ ನನ್ನನ್ನೇ ನೋಡುತ್ತಿದ್ದ ಆ ಮುಖಕ್ಕೆ ಸುಳ್ಳು ಹೇಳಲು ಆಗಲಿಲ್ಲ.

"ಹಾಗಲ್ಲ. ರೇಡಿಯೋ ಹೋಗಲಿ ಅಂತಲೇ ಕೆಂಪು ಕಟ್ಟಿದ್ದು," ಅಂದೆ. "ನೀವು ನನ್ನದೆಲ್ಲ ಎಸೀತೀರಿ ಅಂದ್ಕೊಂಡಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಎದ್ದು ಹೋಗಿ ರೇಡಿಯೋದ ಕೆಂಪು ಚೀಟಿ ಬಿಚ್ಚಿದರು, ಮೇಜಿನ ಮೇಲೆ ಬಿದ್ದಿದ್ದ ಕಟ್ಟಿನಿಂದ ಒಂದು ಹಸಿರು ತೆಗೆದು ಕಟ್ಟಿದರು. ಆ ಹಸಿರಿಗೆ ಏನರ್ಥ ಅಂತ ಈಗ ನನಗೂ ಗೊತ್ತಿತ್ತು.